ಮ್ಯಾಂಡೊಲಿನ್‌ಗೆ ಕಾರಿನ ಪೇಂಟ್ ಯಾಕೆ?

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಮ್ಯಾಂಡೊಲಿನ್ ಕಿಟ್ ತಂದುಕೊಟ್ಟಿದ್ದಾನೆ. ಮುಂಭಾಗ ಸ್ಪ್ರೂಸ್, ಹಿಂಭಾಗ ಮೇಪಲ್. ಅಂಟಿಸುವ ಕೆಲಸ ಮುಗಿಯಿತು. ಅಂಚು ಕಪ್ಪಾಗಿ, ನಡುವೆ ಜೇನು ಬಣ್ಣ ಬರಬೇಕೆಂದು ಆಸೆ. ಕಾರಿನ ಪೇಂಟ್ ಸ್ಪ್ರೇ ಮಾಡಿಸಲೇ? ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಜ್ ಅಂಟಿಸುವುದು ಅದಕ್ಕೆ ಮೊದಲೋ, ಆಮೇಲೋ?
– ಓದುಗರು, ಸಾಗರ

ಉತ್ತರ: ಬ್ರಿಜ್ ಅಂಟಿಸಲೇಬೇಡಿ ಮಾರಾಯ್ರೆ! ಗಿಟಾರ್ ನೋಡಿ ಹಾಗನ್ನಿಸಿರಬೇಕು. ಇಲ್ಲಿ ಅದು ಸುಮ್ನೆ ಕೂತಿರುತ್ತದೆ, ಎಂಟು ತಂತಿಗಳ ಒತ್ತಡವೇ ಹಿಡಿದಿಡುತ್ತದೆ.

ಕಾರಿನ ಪೇಂಟೂ ಬೇಡ. ಪದರ ದಪ್ಪವಾದಷ್ಟೂ ತೆಳು ಸ್ಪ್ರೂಸ್ ಹಲಗೆ ಸರಿಯಾಗಿ ಕಂಪಿಸುವುದಿಲ್ಲ. ನಾನಾದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು ಹಚ್ಚುತ್ತೇನೆ. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದೂ ಅರಗೇ ಅಲ್ವಾ?

ಆದರೆ ಬಣ್ಣಕ್ಕೆ ಮೊದಲು ಅಂಟಿನ ಕಲೆ ಹುಡುಕಿ. ಅಂಟು ಕೂತ ಕಡೆ ಮರ ಬಣ್ಣ ಕುಡಿಯುವುದಿಲ್ಲ. ಒದ್ದೆ ಬಟ್ಟೆಯಿಂದ ಇಡೀ ಬಾಡಿ ಒರೆಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮರವೆಲ್ಲ ಕಪ್ಪಾದಾಗ ಅಂಟಿನ ಜಾಗ ಮಾತ್ರ ಬೆಳ್ಳಗೆ ಕಾಣುತ್ತದೆ. ಕುತ್ತಿಗೆಯ ಬುಡದಲ್ಲಿ ಜಾಸ್ತಿ. ಅದನ್ನು ಬ್ಲೇಡಿನಿಂದ ಕೆರೆದು ತೆಗೆಯಿರಿ. ನೀರಿಗೆ ಎದ್ದ ನಾರನ್ನು, ಒಣಗಿದ ಮೇಲೆ 320ರ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿ.

ನೀರಿನಲ್ಲಿ ಕರಗುವ ಬಣ್ಣವನ್ನೇ ತನ್ನಿ. ಸ್ಪಿರಿಟ್ ಬಣ್ಣವಾದರೆ ಮೇಲೆ ಅರಗಿನ ಪಾಲಿಶ್ ಒರೆಸುವಾಗ ಕಲಸಿಹೋಗುತ್ತದೆ. ಮೊದಲು ಎಲ್ಲ ಕಡೆ ಜೇನು ಬಣ್ಣ, ಆಮೇಲೆ ಅಂಚಿಗೆ ಕಪ್ಪು. ಎರಡೂ ಸೇರುವಲ್ಲಿ ಒದ್ದೆ ಬಟ್ಟೆ ಆಡಿಸಿದರೆ ಗೆರೆ ಕರಗುತ್ತದೆ. ಅಂಚಿನ ಬಿಳಿ ಪಟ್ಟಿಗೆ ಬಣ್ಣ ತಾಗಿದರೆ ಚಿಂತೆಯಿಲ್ಲ, ಬ್ಲೇಡಿನಿಂದ ಕೆರೆದರೆ ಬರುತ್ತದೆ.

ಹತ್ತಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ, ಅರಗಿನಲ್ಲಿ ನೆನೆಸಿ, ತೆಳ್ಳಗೆ ಹಲವು ಸಲ ಒರೆಸಿ. ಒಂದೇ ಜಾಗದಲ್ಲಿ ನಿಲ್ಲಿಸಬೇಡಿ, ಅಂಟಿಕೊಳ್ಳುತ್ತದೆ. ಬೆರಳು ಒತ್ತುವ ಫ್ರೆಟ್‌ಬೋರ್ಡಿಗೆ ಟೇಪ್ ಹಚ್ಚಿರಿ. ಹತ್ತಿರ ಬೆಂಕಿ ಇರಬಾರದು. ನಿಮ್ಮೂರ ಮಳೆಯಲ್ಲಂತೂ ಈ ಕೆಲಸಕ್ಕೆ ಕೈ ಹಾಕಬೇಡಿ, ತೇವಕ್ಕೆ ಪಾಲಿಶ್ ಬೆಳ್ಳಗೆ ಮಂಕಾಗುತ್ತದೆ. ದೀಪಾವಳಿ ಕಳೆಯಲಿ.

ಬ್ರಿಜ್‌ನ ಪಾದ ಮಾತ್ರ ಪಾಲಿಶ್‌ಗೆ ಮೊದಲೇ ಹೊಂದಿಸಿಕೊಳ್ಳಿ. ಉಬ್ಬಿದ ಹಲಗೆಯ ಮೇಲೆ ಸ್ಯಾಂಡ್ ಪೇಪರನ್ನು ಒರಟು ಮುಖ ಮೇಲಾಗಿ ಇಟ್ಟು, ಪಾದವನ್ನು ಅದರ ಮೇಲೆ ಹಿಂದೆ ಮುಂದೆ ಉಜ್ಜಿ. ಬೆಳಕು ನುಸುಳದಷ್ಟು ಕೂರಬೇಕು.

ಕೊನೆಗೆ ತಂತಿ ಕಟ್ಟಿ, ಪಿಟೀಲಿನ ಹಾಗೆ ಜಿ, ಡಿ, ಎ, ಇ ಶ್ರುತಿ ಮಾಡಿ. ನಟ್‌ನಿಂದ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) 12ನೇ ಫ್ರೆಟ್‌ಗೆ (ಫ್ರೆಟ್‌ಬೋರ್ಡಿನ ಲೋಹದ ಅಡ್ಡಪಟ್ಟಿ) ಎಷ್ಟು ದೂರವೋ, ಅಲ್ಲಿಂದ ಬ್ರಿಜ್‌ಗೂ ಹೆಚ್ಚುಕಡಿಮೆ ಅಷ್ಟೇ. 12ರಲ್ಲಿ ತಂತಿಯನ್ನು ಬರೀ ಮುಟ್ಟಿ ಮೀಟಿ, ಆಮೇಲೆ ಒತ್ತಿ ಮೀಟಿ. ಒತ್ತಿದಾಗ ಸ್ವರ ಏರಿದರೆ ಬ್ರಿಜ್ಜನ್ನು ಕೂದಲೆಳೆಯಷ್ಟು ಹಿಂದಕ್ಕೆ, ಅಂದರೆ ಕುತ್ತಿಗೆಯಿಂದ ದೂರ ಸರಿಸಿ, ಇಳಿದರೆ ಮುಂದಕ್ಕೆ.