ಮೆನು ಅಕ್ಷರದ ಬಣ್ಣಕ್ಕೆ ಕೊನೇ ಮಾತು ಯಾರದು?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಸುಮಾರು ಮೆನು ಬಗ್ಗೆನೇ ಇವೆ. ಅಕ್ಷರದ ಬಣ್ಣ ಬದಲಾಗ್ತಿಲ್ಲ, ದಪ್ಪ ಆಗ್ತಿಲ್ಲ, ಕೆಳಗಡೆ ಕತ್ತರಿಸಿ ಹೋಗ್ತಿದೆ, ಹೀಗೆ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವನ್ನ ಒಟ್ಟಿಗೇ ತಗೊಂಡಿದೀನಿ. ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ಪತ್ರಿಕೆಯಲ್ಲಿ ಎಲ್ಲಾ ಕನ್ನಡದಲ್ಲೇ ಅಚ್ಚಾಗೋದ್ರಿಂದ ಕೋಡಿನ ಹೆಸರುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದೀನಿ, ನೀವು ಟೈಪ್ ಮಾಡುವಾಗ ಪದಗಳ ಮಧ್ಯೆ ಜಾಗ ಬಿಡ್ದೆ, ಎರಡನೇ ಪದದಿಂದ ಮೊದಲಕ್ಷರ ಕ್ಯಾಪಿಟಲ್ ಮಾಡಿ ಸೇರಿಸ್ಕೊಳ್ಳಿ. ನ್ಯಾವಿಗೇಶನ್ ವ್ಯೂ, ಸ್ಪ್ಯಾನಬಲ್ ಸ್ಟ್ರಿಂಗ್ ಥರದ ಕ್ಲಾಸ್ ಹೆಸರುಗಳಿಗೆ ಮೊದಲ ಪದವೂ ಕ್ಯಾಪಿಟಲ್ಲೇ. ಸ್ಟೇಟ್ ಚೆಕ್ಡ್, ಸ್ಟೇಟ್ ಎನೇಬಲ್ಡ್, ರ್‍ಯಾಪ್ ಕಂಟೆಂಟ್ ಈ ಮೂರಕ್ಕೆ ಮಾತ್ರ ಎಲ್ಲಾ ಚಿಕ್ಕಕ್ಷರ, ಪದಗಳ ಮಧ್ಯೆ ಅಂಡರ್‌ಸ್ಕೋರ್.

ಪ್ರಶ್ನೆ: ಆಂಡ್ರಾಯ್ಡ್ ಆ್ಯಪ್ ಮಾಡ್ತಿದೀನಿ, ಎಡಗಡೆಯಿಂದ ಜಾರಿ ಬರೋ ಮೆನು ಇದೆ. ಸ್ಟೈಲ್ಸ್ ಫೈಲಲ್ಲಿ ಅಕ್ಷರದ ಸೈಜು, ಫಾಂಟು, ಬಣ್ಣ ಮೂರನ್ನೂ ಬರೆದು ಮೆನುಗೆ ಕೊಟ್ಟೆ. ಸೈಜೂ ಫಾಂಟೂ ಬದಲಾಯ್ತು, ಬಣ್ಣ ಮಾತ್ರ ಹಳೇದೇ. ಎರಡು ದಿನದಿಂದ ತಲೆ ಕೆಟ್ಟೋಗಿದೆ, ಎಲ್ಲಿ ತಪ್ಪಾಗಿರ್ಬಹುದು?

ನೀವು ಬರೆದ ಸ್ಟೈಲಲ್ಲಿ ತಪ್ಪಿಲ್ಲ, ಅದು ಮೆನುಗೆ ತಲುಪಿದೆ ಕೂಡ. ತಲುಪಿಲ್ಲ ಅಂದಿದ್ರೆ ಸೈಜೂ ಬದಲಾಗ್ತಿರ್ಲಿಲ್ಲ ಅಲ್ವಾ? ಆಗಿರೋದು ಏನಂದ್ರೆ, ನೀವು ಹಾಕಿದ ಬಣ್ಣದ ಮೇಲೆ ಇನ್ನೊಬ್ರು ಬಂದು ಬೇರೆ ಬಣ್ಣ ಬಳಿದು ಹೋಗಿದಾರೆ.

ನ್ಯಾವಿಗೇಶನ್ ವ್ಯೂ ಅನ್ನೋ ಆ ಮೆನು ಪೆಟ್ಟಿಗೆಯಲ್ಲಿ ಅಕ್ಷರದ ರೂಪಕ್ಕೆ ಎರಡು ಬೇರೆ ಬೇರೆ ಅಟ್ರಿಬ್ಯೂಟ್, ಅಂದ್ರೆ ಫೈಲಲ್ಲಿ ಬರೆಯೋ ಸೆಟ್ಟಿಂಗ್, ಇವೆ. ಒಂದು ಐಟಂ ಟೆಕ್ಸ್ಟ್ ಅಪಿಯರೆನ್ಸ್, ಸೈಜು ಫಾಂಟು ಎಲ್ಲಾ ಇದರ ಮೂಲಕ ಹೋಗುತ್ತೆ. ಇನ್ನೊಂದು ಐಟಂ ಟೆಕ್ಸ್ಟ್ ಕಲರ್, ಇದು ಬಣ್ಣಕ್ಕೆ ಮಾತ್ರ. ಆ್ಯಪ್ ಓಡುವಾಗ ಮೊದಲು ಅಪಿಯರೆನ್ಸ್ ಹಾಕಿ, ಅದಾದ್ಮೇಲೆ ಕಲರ್ ಹಾಕ್ತಾರೆ. ನೀವು ಐಟಂ ಟೆಕ್ಸ್ಟ್ ಕಲರ್ ಬರೆದೇ ಇಲ್ಲ ಅಂತೀರೇನೋ, ಆದ್ರೆ ಗೂಗಲ್ ಕೊಡೋ ಸಿದ್ಧ ವಿನ್ಯಾಸವಾದ ಮಟೀರಿಯಲ್ ಥೀಮ್ ತಗೊಂಡಿದ್ರೆ ಅದರೊಳಗೆ ಈ ಮೆನುಗೆ ಅಂತ ಒಂದು ರೆಡಿ ಸ್ಟೈಲ್ ಇರುತ್ತೆ, ನಿಮ್ಮ ಪರವಾಗಿ ಅದೇ ಬಣ್ಣ ಕೊಟ್ಟಿರುತ್ತೆ. ಹಾಗಾಗಿ ಕೊನೇ ಮಾತು ಅದರದ್ದೇ. ಅಪಿಯರೆನ್ಸ್ ಒಳಗಿರೋ ಬಣ್ಣದ ಸಾಲನ್ನ ತೆಗೆದು ಐಟಂ ಟೆಕ್ಸ್ಟ್ ಕಲರ್‌ಗೆ ಕೊಡಿ, ಮುಗೀತು.

ಕೊಡುವಾಗ ಮುಂದೆ 'ಆ್ಯಪ್' ಅನ್ನೋ ಪ್ರಿಫಿಕ್ಸ್ ಹಾಕಿದೀರಾ ಅಂತ ನೋಡ್ಕೊಳ್ಳಿ. ಅಭ್ಯಾಸಬಲದಿಂದ 'ಆಂಡ್ರಾಯ್ಡ್' ಅಂತ ಹಾಕಿದ್ರೆ ಕೆಲಸ ಮಾಡಲ್ಲ. ಮೆನು ಫೈಲಲ್ಲಿರೋ ಒಂದೊಂದು ಐಟಮ್ಮಿಗೇ ನೇರವಾಗಿ ಬಣ್ಣ ಬರೆಯೋಕೆ ಹೋಗ್ಬೇಡಿ, ಅಲ್ಲಿ ಅಂಥ ಅಟ್ರಿಬ್ಯೂಟೇ ಇಲ್ಲ. ನಾನೂ ಶುರುವಿನಲ್ಲಿ ಅದನ್ನ ಹುಡುಕ್ತಾ ಒಂದು ಸಂಜೆ ಕಳೆದವನೇ.

ಇದೇ ಥರ ಇನ್ಮೇಲೆ ಯಾವಾಗಾದ್ರೂ ಸಿಕ್ಕಾಕೊಂಡ್ರೆ ಊಹೆ ಮಾಡ್ತಾ ಕೂರೋ ಬದಲು ಆಂಡ್ರಾಯ್ಡ್ ಸ್ಟುಡಿಯೋದ ಲೇಔಟ್ ಇನ್ಸ್‌ಪೆಕ್ಟರ್ ತೆಗೀರಿ, ಆ್ಯಪ್ ಓಡ್ತಾ ಇರುವಾಗ್ಲೇ ಮೆನುವಿನ ಒಂದು ಸಾಲಿನ ಮೇಲೆ ಕ್ಲಿಕ್ ಮಾಡಿದ್ರೆ ಪಕ್ಕದಲ್ಲಿ ಅದರ ಬಣ್ಣ ಸೈಜು ಎಲ್ಲಾ ಬರುತ್ತೆ, ಯಾವ ಸ್ಟೈಲಿಂದ ಬಂತು ಅನ್ನೋದೂ ಎಷ್ಟೋ ಸಲ ಅಲ್ಲೇ ಸಿಗುತ್ತೆ.

ಪ್ರಶ್ನೆ: ಆಯ್ಕೆ ಆಗಿರೋ ಐಟಂ ಮಾತ್ರ ನೀಲಿ, ಉಳಿದಿದ್ದು ಬೂದು ಬೇಕು. ಯಾವ ಸ್ಥಿತಿಗೆ ಯಾವ ಬಣ್ಣ ಅಂತ ಹೇಳೋ ಸೆಲೆಕ್ಟರ್ ಫೈಲ್ ಮಾಡಿದೆ, ಆದ್ರೆ ಯಾವುದನ್ನ ಒತ್ತಿದ್ರೂ ಎಲ್ಲಾ ಬೂದೇ. ಯಾಕೆ?

ನಿಮ್ಮ ಫೈಲಿನ ಸಾಲುಗಳನ್ನ ನನಗೂ ಕಳಿಸಿದ್ರಿ, ಒಳ್ಳೇದಾಯ್ತು. ಮೊದಲ ಸಾಲಲ್ಲಿ ಬರೀ ಬೂದು ಬಣ್ಣ, ಯಾವ ಷರತ್ತೂ ಇಲ್ಲ. ಎರಡನೇ ಸಾಲಲ್ಲಿ ಸ್ಟೇಟ್ ಚೆಕ್ಡ್ ಟ್ರೂ, ನೀಲಿ. ಸಿಸ್ಟಮ್ ಇದನ್ನ ಮೇಲಿಂದ ಕೆಳಕ್ಕೆ ಓದ್ತಾ ಬರುತ್ತೆ, ಯಾವುದು ಚೆನ್ನಾಗಿ ಹೊಂದುತ್ತೆ ಅಂತ ತೂಗಿ ನೋಡಲ್ಲ, ಮೊದಲು ಹೊಂದಿದ್ದನ್ನ ತಗೊಂಡು ಅಲ್ಲೇ ನಿಂತ್ಬಿಡುತ್ತೆ. ಷರತ್ತೇ ಇಲ್ಲದ ಸಾಲು ಎಲ್ಲಾ ಸ್ಥಿತಿಗೂ ಹೊಂದುತ್ತೆ. ಅದು ಬಾಗಿಲಲ್ಲೇ ಕೂತಿರುವಾಗ ನಿಮ್ಮ ನೀಲಿ ಬಣ್ಣಕ್ಕೆ ಒಳಗೆ ಬರೋಕೆ ದಾರಿನೇ ಇಲ್ಲ. ಎರಡೂ ಸಾಲು ಅದಲು ಬದಲು ಮಾಡಿ. ನಿಷ್ಕ್ರಿಯ ಆದ ಐಟಮ್ಮಿಗೆ ಮಸುಕು ಬಣ್ಣ ಬೇಕಂದ್ರೆ ಸ್ಟೇಟ್ ಎನೇಬಲ್ಡ್ ಫಾಲ್ಸ್ ಸಾಲು ಎಲ್ಲಕ್ಕಿಂತ ಮೇಲೆ ಬರ್ಲಿ, ಷರತ್ತಿಲ್ಲದ್ದು ಯಾವಾಗ್ಲೂ ಕೊನೇಲಿ.

ಅದಾದ್ಮೇಲೂ ನೀಲಿ ಬರ್ಲಿಲ್ಲ ಅಂದ್ರೆ ಐಟಂ ಚೆಕ್ಡ್ ಸ್ಥಿತಿಗೇ ಹೋಗ್ತಿಲ್ಲ ಅಂತ ಅರ್ಥ. ಮೆನು ಫೈಲಲ್ಲಿ ಐಟಂಗಳನ್ನ ಒಂದು ಗ್ರೂಪ್ ಒಳಗೆ ಹಾಕಿ ಚೆಕಬಲ್ ಬಿಹೇವಿಯರ್‌ಗೆ ಸಿಂಗಲ್ ಅಂತ ಕೊಡಿ. ಕೋಡಲ್ಲಿ ಐಟಂ ಒತ್ತಿದಾಗ ಓಡೋ ಲಿಸನರ್ ಕೊನೇಲಿ ಟ್ರೂ ವಾಪಸ್ ಕೊಡ್ತಿದ್ಯಾ ಅಂತ್ಲೂ ನೋಡಿ. ಅಲ್ಲಿ ಫಾಲ್ಸ್ ಅಂದ್ರೆ 'ಇದನ್ನ ಆಯ್ಕೆ ಆಗಿದೆ ಅಂತ ತೋರಿಸ್ಬೇಡ' ಅಂತ ನೀವೇ ಹೇಳಿದ ಹಾಗೆ.

ಪ್ರಶ್ನೆ: ಮೆನುವಿನಲ್ಲಿ 'ಲಾಗೌಟ್' ಒಂದೇ ಕೆಂಪಗೆ ಬೇಕು. ಹೇಗೆ?

ಇದಕ್ಕೆ ಸ್ಟೈಲ್ ಫೈಲಲ್ಲಿ ದಾರಿ ಇಲ್ಲ, ಕೋಡಲ್ಲೇ ಮಾಡ್ಬೇಕು. ಸ್ಪ್ಯಾನಬಲ್ ಸ್ಟ್ರಿಂಗ್ ಅಂತ ಇದೆ, ಪಠ್ಯದ ಜೊತೆಗೇ ಬಣ್ಣ, ದಪ್ಪ, ಸೈಜನ್ನ ಅಂಟಿಸಿ ಕಳಿಸೋ ವಸ್ತು ಅದು. ಐಟಮ್ಮಿನ ಹೆಸರು ತಗೊಂಡು ಸ್ಪ್ಯಾನಬಲ್ ಮಾಡಿ, ಮೊದಲಕ್ಷರದಿಂದ ಕೊನೇ ಅಕ್ಷರದವರೆಗೆ ಫೋರ್‌ಗ್ರೌಂಡ್ ಕಲರ್ ಸ್ಪ್ಯಾನ್ ಹಾಕಿ, ವಾಪಸ್ ಟೈಟಲ್ಲಾಗಿ ಕೊಟ್ಟುಬಿಡಿ. ಈಗ ಕೊನೇ ಮಾತು ಸ್ಪ್ಯಾನಿನದು, ಮೇಲೆ ಹೇಳಿದ ಐಟಂ ಟೆಕ್ಸ್ಟ್ ಕಲರ್ ಕೂಡ ಇದರ ಮುಂದೆ ಸುಮ್ನಿರ್ಬೇಕು. ಅದು ಅನುಕೂಲವೂ ಹೌದು, ತೊಂದರೆಯೂ ಹೌದು, ಯಾಕಂದ್ರೆ ಆಯ್ಕೆ ಆದಾಗ ನೀಲಿ ಆಗೋ ಆಟ ಈ ಐಟಮ್ಮಿಗೆ ಇನ್ನು ನಡೆಯಲ್ಲ. ಲಾಗೌಟ್‌ಗೆ ಅದು ಬೇಕಾಗೂ ಇಲ್ಲ ಬಿಡಿ.

ಅಕ್ಷರ ಕೆಂಪಾಯ್ತು, ಪಕ್ಕದ ಐಕಾನ್ ಬೂದೇ ಉಳೀತು ಅಂತ ನಾಳೆ ಮತ್ತೆ ಬರೀತೀರ, ಅದಕ್ಕೂ ಈಗ್ಲೇ ಹೇಳ್ತೀನಿ. ಐಕಾನ್ ಟಿಂಟ್, ಅಂದ್ರೆ ಐಕಾನ್ ಮೇಲೆ ಬಳಿಯೋ ಬಣ್ಣ, ಎಲ್ಲಾ ಐಟಮ್ಮಿಗೂ ಒಂದೇ ಸಲ ಬೀಳುತ್ತೆ. ಬೇರೆ ಬೇರೆ ಬಣ್ಣ ಬೇಕಿದ್ರೆ ಐಟಂ ಐಕಾನ್ ಟಿಂಟ್ ಲಿಸ್ಟಿಗೆ ಕೋಡಲ್ಲಿ ನಲ್ ಕೊಟ್ಟು, ಐಕಾನ್ ಚಿತ್ರಗಳಿಗೇ ಬೇಕಾದ ಬಣ್ಣ ಹಾಕಿಡಿ.

ಮೆನುವನ್ನ ಮಧ್ಯದಲ್ಲಿ ಮತ್ತೆ ಫೈಲಿಂದ ಕಟ್ಟಿಸಿದ್ರೆ, ಅಂದ್ರೆ ಇನ್‌ಫ್ಲೇಟ್ ಮಾಡಿದ್ರೆ ಸ್ಪ್ಯಾನ್ ಹೋಗ್ಬಿಡುತ್ತೆ, ಮತ್ತೆ ಹಾಕ್ಬೇಕು.

ಪ್ರಶ್ನೆ: ಕೆಳಗಡೆ ಬರೋ ಬಾರಲ್ಲಿ ಮೂರು ಐಟಂ ಇದ್ದಾಗ ಎಲ್ಲದರ ಹೆಸರೂ ಕಾಣ್ತಿತ್ತು. ನಾಲ್ಕನೇದು ಸೇರಿಸಿದ ತಕ್ಷಣ ಒತ್ತಿದ್ದರ ಹೆಸರು ಮಾತ್ರ ಕಾಣ್ತಿದೆ. ನನ್ನ ಸ್ನೇಹಿತರು ಆ್ಯಪ್ ಮಾಡೋ ಇನ್ನೊಂದು ಸಲಕರಣೆ ಫ್ಲಟರಲ್ಲಿ ಮಾಡ್ತಾರೆ, ಅವರಿಗೆ ನಾಲ್ಕನೇದು ಸೇರಿಸಿದ್ರೆ ಅಕ್ಷರ ಐಕಾನ್ ಎಲ್ಲಾ ಮಾಯ!

ಎರಡಕ್ಕೂ ಬೇರು ಒಂದೇ, ಮೂರು ದಾಟಿದ್ರೆ ಜಾಗ ಸಾಲಲ್ಲ ಅಂತ ಲೈಬ್ರರಿ ತಾನೇ ತೀರ್ಮಾನ ಮಾಡ್ಕೊಳ್ಳುತ್ತೆ. ಆಂಡ್ರಾಯ್ಡಲ್ಲಿ ಲೇಬಲ್ ವಿಸಿಬಿಲಿಟಿ ಮೋಡ್ ಅನ್ನೋದು ಆಟೋ ಅಂತ ಇರುತ್ತೆ, ಅದನ್ನ ಲೇಬಲ್ಡ್ ಅಂತ ಬದಲಾಯಿಸಿ. ಫ್ಲಟರಿನ ಬಾಟಮ್ ನ್ಯಾವಿಗೇಶನ್ ಬಾರ್ ನಾಲ್ಕಾದ್ರೆ ಶಿಫ್ಟಿಂಗ್ ಅನ್ನೋ ರೀತಿಗೆ ಹೊರಳುತ್ತೆ, ಆಗ ಡೀಫಾಲ್ಟ್ ಬಣ್ಣ ಬಿಳಿ, ಹಿಂದೆ ಹಾಳೆನೂ ಬಿಳಿ. ಮಾಯ ಆಗಿಲ್ಲ, ಬಿಳಿ ಮೇಲೆ ಬಿಳಿ ಕೂತಿದೆ ಅಷ್ಟೇ. ಟೈಪ್ ಅನ್ನ ಫಿಕ್ಸೆಡ್ ಮಾಡಿ, ಸೆಲೆಕ್ಟೆಡ್ ಐಟಂ ಕಲರ್ ಮತ್ತು ಅನ್‌ಸೆಲೆಕ್ಟೆಡ್ ಐಟಂ ಕಲರ್ ಎರಡನ್ನೂ ಕೈಯಾರೆ ಕೊಡೋಕೆ ಹೇಳಿ.

ಇನ್ನೊಂದು, ಒತ್ತಿದಾಗ ಅಕ್ಷರ ಚೂರು ಕುಣಿದ ಹಾಗೆ ಆಗುತ್ತೆ ಅಂತ್ಲೂ ಬರೆದಿದೀರ. ಫ್ಲಟರಿನ ಆ ಬಾರಲ್ಲಿ ಆಯ್ಕೆ ಆದದ್ದು 14, ಉಳಿದದ್ದು 12 ಸೈಜು, ಅದಕ್ಕೇ ಕುಣಿತ. ಎರಡನ್ನೂ 12 ಮಾಡಿ. ಆಂಡ್ರಾಯ್ಡಲ್ಲಿ ಐಟಂ ಟೆಕ್ಸ್ಟ್ ಅಪಿಯರೆನ್ಸ್ ಆ್ಯಕ್ಟಿವ್ ಮತ್ತು ಇನ್‌ಆ್ಯಕ್ಟಿವ್ ಅಂತ ಎರಡಿವೆ, ಎರಡಕ್ಕೂ ಒಂದೇ ಸೈಜಿನ ಸ್ಟೈಲ್ ಕೊಟ್ರೆ ಆಯ್ತು. ನನ್ನ ಕೇಳಿದ್ರೆ ಆಯ್ಕೆ ಆಗಿರೋದನ್ನ ತೋರಿಸೋಕೆ ಬಣ್ಣ ಸಾಕು, ಸೈಜ್ ಮುಟ್ಲೇಬಾರ್ದು.

ಪ್ರಶ್ನೆ: ಮೆನು ಕನ್ನಡದಲ್ಲಿದೆ. ಇಂಗ್ಲಿಷಲ್ಲಿ ಚೆನ್ನಾಗಿದ್ದ ಸ್ಟೈಲು ಕನ್ನಡಕ್ಕೆ ಬಂದಾಗ ಕೆಟ್ಟೋಗಿದೆ, 'ಶಾಸ್ತ್ರೀಯ ಸಂಗೀತ' ಅನ್ನೋದ್ರಲ್ಲಿ ಒತ್ತಕ್ಷರ ಮೆತ್ತಿಕೊಂಡು ಕೆಳಗೆ ಕತ್ತರಿಸಿದ ಹಾಗೆ ಕಾಣುತ್ತೆ. ಯಾವ ಫಾಂಟ್ ಹಾಕ್ಲಿ?

ನಿಮ್ಮ ಪ್ರಶ್ನೆ ಓದಿ ಖುಷಿ ಆಯ್ತು, ಕನ್ನಡ ಮೆನು ಮಾಡೋರು ಇದಾರಲ್ಲ ಅಂತ. ಫಾಂಟ್ ಹೇಳೋಕೆ ಮುಂಚೆ ಆ 'ಸ್ತ್ರೀ' ಅನ್ನೋ ಒಂದಕ್ಷರವನ್ನೇ ನೋಡಿ. ಸಕಾರದ ಕೆಳಗೆ ತ ಒತ್ತು, ಅದರ ಜೊತೆಗೆ ರ ಒತ್ತು, ಮೇಲೆ ಗುಡಿಸು, ಬಲಕ್ಕೆ ದೀರ್ಘ. ಇಂಗ್ಲಿಷಲ್ಲಿ ಸಾಲಿನ ಕೆಳಗೆ ಇಳಿಯೋದು ಅಂದ್ರೆ ಜಿ, ವೈ ಥರದ ಬಾಲಗಳು ಮಾತ್ರ, ನಮ್ಮಲ್ಲಿ ಇಡೀ ಒಂದು ಅಕ್ಷರವೇ ಕೆಳಮನೇಲಿ ಸಂಸಾರ ಹೂಡಿರುತ್ತೆ.

ಮೆತ್ತಿಕೊಳ್ಳೋಕೆ ಕಾರಣ ಹೆಚ್ಚಾಗಿ ಸುಳ್ಳು ಬೋಲ್ಡ್. ನೀವು ಫಾಂಟಿನ ರೆಗ್ಯುಲರ್ ಫೈಲ್ ಒಂದನ್ನೇ ಆ್ಯಪಲ್ಲಿಟ್ಟು ಸ್ಟೈಲಲ್ಲಿ ಬೋಲ್ಡ್ ಅಂತ ಬರೆದ್ರೆ, ಆಂಡ್ರಾಯ್ಡ್ ಅದೇ ಗೆರೆಗಳ ಸುತ್ತ ಮಸಿ ಬಳಿದು ದಪ್ಪ ಮಾಡುತ್ತೆ, ಒತ್ತಕ್ಷರದ ಒಳಗಿನ ಸಣ್ಣ ಸಣ್ಣ ಕಿಂಡಿಗಳೆಲ್ಲ ಮುಚ್ಚಿ ಹೋಗ್ತವೆ. ಫಾಂಟ್ ಫೋಲ್ಡರಲ್ಲಿ ಫಾಂಟ್ ಫ್ಯಾಮಿಲಿ ಫೈಲ್ ಒಂದು ಮಾಡಿ, 400 ತೂಕಕ್ಕೆ ರೆಗ್ಯುಲರ್, 700ಕ್ಕೆ ನಿಜವಾದ ಬೋಲ್ಡ್ ಫೈಲ್ ಸೇರಿಸಿ. ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ 2, ಈ ಮೂರೂ ಹಲವು ತೂಕಗಳಲ್ಲಿ ಉಚಿತವಾಗಿ ಸಿಗ್ತವೆ. ಮೆನುಗೆ ಅಂದ್ರೆ ನಾನು ಮೊದಲ ಎರಡರಲ್ಲಿ ಒಂದನ್ನ ತಗೋತೀನಿ, ಬಾಲೂ ದುಂಡಗೆ ಮುದ್ದಾಗಿದೆ, ಹೆಡ್ಡಿಂಗಿಗೆ ಚೆಂದ.

ಕತ್ತರಿಸೋ ವಿಷಯ ಬೇರೆ. ಯಾರೋ ಜಾಗ ಉಳಿಸೋಕೆ ಇನ್‌ಕ್ಲೂಡ್ ಫಾಂಟ್ ಪ್ಯಾಡಿಂಗ್ (ಅಕ್ಷರದ ಮೇಲೆ ಕೆಳಗೆ ಬಿಡೋ ಜಾಗ) ಫಾಲ್ಸ್ ಮಾಡಿದ್ರೆ ಅದನ್ನ ತೆಗೀರಿ. ಸಾಲಿನ ಎತ್ತರವನ್ನ ಇಂಗ್ಲಿಷ್ ನೋಡಿ ಬಿಗಿಯಾಗಿ ಕಟ್ಟಿದ್ರೆ ಸಡಿಲ ಮಾಡಿ. ಫೋನಿನದೇ ಫಾಂಟ್ ಬಳಸ್ತಿದ್ರೆ ಎಲಿಗೆಂಟ್ ಟೆಕ್ಸ್ಟ್ ಹೈಟ್ ಅನ್ನೋದನ್ನ ಟ್ರೂ ಮಾಡಿ. ಕನ್ನಡ, ತೆಲುಗು, ತಮಿಳು, ಮಲಯಾಳಂ ಥರದ ಲಿಪಿಗಳಿಗೆ ಎತ್ತರ ಕುಗ್ಗಿಸಿದ ಫಾಂಟ್ ಒಂದು ಒಳಗಿರುತ್ತೆ, ಟ್ರೂ ಮಾಡಿದ್ರೆ ಅದನ್ನ ಬಿಟ್ಟು ಸರಿಯಾದ ಎತ್ತರದ್ದನ್ನ ಬಳಸುತ್ತೆ. ಆಂಡ್ರಾಯ್ಡ್ 15, ಅಂದ್ರೆ ಎಪಿಐ 35 ಟಾರ್ಗೆಟ್ ಮಾಡಿದ ಆ್ಯಪ್‌ಗಳಿಗೆ ಇದು ತಾನಾಗೇ ಆನ್ ಆಗಿರುತ್ತೆ, ಹಾಗಾಗಿ ಟಾರ್ಗೆಟ್ ಬದಲಾಯಿಸಿದ ದಿನ ಸಾಲುಗಳು ಎತ್ತರ ಆದ್ವು ಅಂತ ಗಾಬರಿ ಆಗ್ಬೇಡಿ.

ಟೆಕ್ಸ್ಟ್ ಆಲ್ ಕ್ಯಾಪ್ಸ್ ಅಂತ ಇದ್ರೆ ಅದಕ್ಕೆ ಕನ್ನಡದಲ್ಲಿ ಕೆಲಸವೇ ಇಲ್ಲ, ದೊಡ್ಡಕ್ಷರ ಚಿಕ್ಕಕ್ಷರ ನಮಗೆಲ್ಲಿ? ಲೆಟರ್ ಸ್ಪೇಸಿಂಗ್ ಸೊನ್ನೆ ಮಾಡಿ, ಕನ್ನಡ ಪದ ಬಿಡಿಬಿಡಿಯಾದ್ರೆ ಓದೋಕೆ ಹಿಂಸೆ. ನಮ್ಮ ಪದಗಳು ಉದ್ದ ಬೇರೆ, ಪಕ್ಕದಿಂದ ಬರೋ ಮೆನುವಿನಲ್ಲಿ ಐಟಂ ಮ್ಯಾಕ್ಸ್ ಲೈನ್ಸ್ 2 ಕೊಟ್ಟುಬಿಡಿ, ಚುಕ್ಕಿ ಚುಕ್ಕಿ ಬಂದು ಅರ್ಧ ಪದ ನುಂಗೋದು ತಪ್ಪುತ್ತೆ.

ಪ್ರಶ್ನೆ: ಐಫೋನಲ್ಲಿ ಟ್ಯಾಬ್ ಬಾರಿನ ಅಕ್ಷರಕ್ಕೆ ಸ್ಟೈಲ್ ಹಾಕಿದೀನಿ, ಪಟ್ಟಿ ಕೊನೇವರೆಗೆ ಸ್ಕ್ರೋಲ್ ಮಾಡಿದ್ರೆ ಬಾರು ಪಾರದರ್ಶಕ ಆಗಿ ನಾನು ಹಾಕಿದ ಸ್ಟೈಲೂ ಹೋಗುತ್ತೆ.

ಐಒಎಸ್ 15ರಿಂದ ಹಾಗೆ. ಸ್ಟ್ಯಾಂಡರ್ಡ್ ಅಪಿಯರೆನ್ಸ್‌ಗೆ ಕೊಟ್ಟಿದ್ದನ್ನೇ ಸ್ಕ್ರೋಲ್ ಎಡ್ಜ್ ಅಪಿಯರೆನ್ಸ್‌ಗೂ ಕೊಡಿ.

ಪ್ರಶ್ನೆ: ಮೆನು ಅಕ್ಷರದ ಸೈಜು ಡಿಪಿಯಲ್ಲಿ ಕೊಟ್ರೆ ಡಿಸೈನ್ ಕೆಡಲ್ಲ, ಎಸ್‌ಪಿಯಲ್ಲಿ ಕೊಟ್ರೆ ಕೆಲವು ಫೋನಲ್ಲಿ ಉಬ್ಬಿ ಹೋಗುತ್ತೆ. ಡಿಪಿನೇ ಇಟ್ಕೊಳ್ಲಾ?

ಬೇಡ. ಡಿಪಿ ಅಕ್ಷರದ ಸೆಟ್ಟಿಂಗಿಗೆ ಬದಲಾಗದ ಅಳತೆ, ಎಸ್‌ಪಿ ಆ ಸೆಟ್ಟಿಂಗ್ ಜೊತೆಗೇ ಹಿಗ್ಗೋ ಅಳತೆ. ಉಬ್ಬಿ ಹೋಗಿರೋ ಆ ಫೋನಿನವರು ಕಣ್ಣಿಗೆ ಕಷ್ಟ ಅಂತಾನೇ ಸೆಟ್ಟಿಂಗ್ಸಲ್ಲಿ ಅಕ್ಷರ ದೊಡ್ಡದು ಮಾಡ್ಕೊಂಡಿರ್ತಾರೆ, ಡಿಪಿ ಕೊಟ್ರೆ ಅವರ ಮಾತನ್ನ ನಿಮ್ಮ ಆ್ಯಪ್ ಕೇಳಲ್ಲ. ಆಂಡ್ರಾಯ್ಡ್ 14ರಲ್ಲಿ ಅಕ್ಷರವನ್ನ 200 ಪರ್ಸೆಂಟ್‌ವರೆಗೆ ಹಿಗ್ಗಿಸ್ಬಹುದು, ಆದ್ರೆ ಮೊದಲೇ ದೊಡ್ಡದಿರೋ ಅಕ್ಷರಗಳನ್ನ ಅಷ್ಟು ಹಿಗ್ಗಿಸಲ್ಲ, ಚಿಕ್ಕವನ್ನ ಜಾಸ್ತಿ ಹಿಗ್ಗಿಸುತ್ತೆ, ಮೆನು ಅಕ್ಷರ ಚಿಕ್ಕ ಗುಂಪಿಗೇ ಸೇರಿದ್ದು. ನಿಮ್ಮ ಫೋನಲ್ಲಿ ಅಷ್ಟಕ್ಕೆ ಇಟ್ಟು ಒಂದ್ಸಲ ಮೆನು ತೆರೆದು ನೋಡಿ, ಸಾಲಿನ ಎತ್ತರ ಫಿಕ್ಸ್ ಮಾಡಿರೋ ಕಡೆ ಮಾತ್ರ ಕೆಡುತ್ತೆ, ಅಲ್ಲಿ ರ್‍ಯಾಪ್ ಕಂಟೆಂಟ್ (ಒಳಗಿರೋದಕ್ಕೆ ತಕ್ಕಷ್ಟು ಎತ್ತರ) ಹಾಕಿ ಕನಿಷ್ಠ ಎತ್ತರ 48 ಡಿಪಿ ಅಂತ ಕೊಟ್ಟುಕೊಳ್ಳಿ. ಅದು ಡಿಪಿನೇ ಇರ್ಲಿ, ಬೆರಳಿನ ಸೈಜು ಸೆಟ್ಟಿಂಗ್ಸಲ್ಲಿ ಬದಲಾಗಲ್ವಲ್ಲ.