48ಕ್ಕೆ ಈಜು ಸ್ಪರ್ಧೆಗೆ ಇಳಿಯಬಹುದಾ? ಕೆಲಸ ಬಿಡಬಹುದಾ?

ಪ್ರಶ್ನೆ: ನನಗೆ 48 ವರ್ಷ. ಮೈಸೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ಮಂಡಿನೋವಿಗೆ ಅಂತ ಈಜು ಕಲಿತೆ, ಈಗ ಅದನ್ನು ಬಿಟ್ಟಿರಲು ಆಗುವುದಿಲ್ಲ. ಮಾಸ್ಟರ್ಸ್ ಸ್ಪರ್ಧೆಗೆ ಇಳಿಯುವ ಆಸೆ. ಕೆಲಸಕ್ಕೆ ರಾಜೀನಾಮೆ ಕೊಟ್ಟು ಈಜು ಕಲಿಸಬೇಕು ಅಂತಲೂ ಇದೆ. ಮನೆಯವರು ‘ಈ ವಯಸ್ಸಿಗೆ ಇದೆಲ್ಲ ಬೇಕಾ’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ (ಈಜು ತರಬೇತುದಾರರಿಂದ): ಮೇಡಂ, ಸ್ಪರ್ಧೆಗೆ ಖಂಡಿತ ಇಳಿಯಿರಿ. ರಾಜೀನಾಮೆ ಮಾತ್ರ ಈಗಲೇ ಬೇಡ. ಎರಡನ್ನೂ ಒಟ್ಟಿಗೆ ಕಟ್ಟಿಕೊಂಡರೆ ಈಜಿನ ಖುಷಿಯೇ ಹೋಗಿಬಿಡುತ್ತದೆ.

ಮನೆಯವರಿಗೆ ಜಪಾನಿನ ಮಿಯೆಕೊ ನಾಗಾವೊಕಾ ಅವರ ಬಗ್ಗೆ ಹೇಳಿ. ಅವರೂ ಮಂಡಿನೋವಿಗೆ ಅಂತಲೇ ನೀರಿಗಿಳಿದವರು, ಅದೂ 80ರ ಆಸುಪಾಸಿನಲ್ಲಿ. 2015ರಲ್ಲಿ, 100ನೇ ವಯಸ್ಸಿನಲ್ಲಿ, 1500 ಮೀಟರ್ ಫ್ರೀಸ್ಟೈಲ್ ಸ್ಪರ್ಧೆಯನ್ನು ಸುಮಾರು ಒಂದೂಕಾಲು ಗಂಟೆಯಲ್ಲಿ ಮುಗಿಸಿದರು.

ಅಂತರರಾಷ್ಟ್ರೀಯ ನಿಯಮದಲ್ಲಿ ಮಾಸ್ಟರ್ಸ್ ಅಂದರೆ 25 ತುಂಬಿದವರು, ಐದೈದು ವರ್ಷಕ್ಕೊಂದು ಗುಂಪು. ಆ ವರ್ಷದ ಡಿಸೆಂಬರ್ 31ಕ್ಕೆ ಎಷ್ಟು ವಯಸ್ಸು ಅಂತ ನೋಡುತ್ತಾರೆ. ನಿಮ್ಮದು ಈಗ 45–49. ಐವತ್ತಾದ ವರ್ಷ ಮುಂದಿನ ಗುಂಪಿಗೆ ಹೋಗುತ್ತೀರಿ, ಅಲ್ಲಿ ನೀವೇ ಚಿಕ್ಕವರು! ಡೈವ್ ಹೊಡೆಯಲು ಭಯವೇ? ನೀರಿನೊಳಗಿಂದಲೇ ಶುರು ಮಾಡಲು ಅವಕಾಶವಿದೆ.

ಮೊದಲು 50 ಮೀಟರ್ ಫ್ರೀಸ್ಟೈಲ್‌ಗೆ ಹೆಸರು ಕೊಡಿ. ಚಿಕ್ಕ ಕೊಳದಲ್ಲಿ ಅಭ್ಯಾಸ ಮಾಡಿದವರಿಗೆ 50 ಮೀಟರ್ ಕೊಳ ಮುಗಿಯುವುದೇ ಇಲ್ಲ ಅನ್ನಿಸುತ್ತದೆ, ಯಾಕಂದರೆ ಮಧ್ಯೆ ಕಾಲಿನಿಂದ ತಳ್ಳಿ ಮುಂದೆ ಹೋಗಲು ಗೋಡೆ ಇರುವುದಿಲ್ಲ. ಹೊಸಬರು ಅರ್ಧ ದಾರಿ ಜೋರಾಗಿ ಹೋಗಿ, ಕೊನೆಗೆ ಏದುಸಿರು ಬಿಡುತ್ತಾರೆ. ಗಾಳಿ ಸಾಲದೆ ಅಲ್ಲ, ಉಸಿರು ಕಟ್ಟಿದ್ದರಿಂದ ಒಳಗೆ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗಿ ಎದೆ ಬಿಗಿಯುತ್ತದೆ. ಮುಖ ನೀರಿನಲ್ಲಿ ಇರುವಷ್ಟು ಹೊತ್ತೂ ಮೂಗಿನಿಂದ ಗುಳ್ಳೆ ಬರುತ್ತಲೇ ಇರಬೇಕು. ತಲೆ ತಿರುಗಿಸಿದಾಗ ಸುಮ್ನೆ ಒಳಗೆ ಎಳೆದುಕೊಳ್ಳುವ ಕೆಲಸ ಮಾತ್ರ ಉಳಿಯಬೇಕು.

ಭುಜದ ಬಗ್ಗೆ ನನಗೆ ಕಾಳಜಿ. ಇಡೀ ದಿನ ಕಂಪ್ಯೂಟರ್ ಮುಂದೆ ಕೂತವರ ಭುಜ ಮುಂದಕ್ಕೆ ಬಾಗಿರುತ್ತದೆ. ಕೈ ನೀರಿಗೆ ಇಳಿಯುವಾಗ ಹೆಬ್ಬೆರಳು ಮೊದಲು ಹೋಗುತ್ತಿದೆಯಾ, ಕೈ ತಲೆಯ ಮುಂದೆ ಅಡ್ಡ ದಾಟುತ್ತಿದೆಯಾ ಅಂತ ಯಾರಾದರೂ ವಿಡಿಯೊ ಮಾಡಿ ತೋರಿಸಲಿ. ಈ ಎರಡು ತಪ್ಪುಗಳಿಂದಲೂ ಭುಜಕ್ಕೆ ಏಟು. ವಾರಕ್ಕೆ ಮೂರು ದಿನ ಈಜು, ಎರಡು ದಿನ ರಬ್ಬರ್ ಬ್ಯಾಂಡ್ ವ್ಯಾಯಾಮ ಸಾಕು. ಜೋರು ಅಭ್ಯಾಸಕ್ಕೆ ಮುಂಚೆ ವೈದ್ಯರ ಹತ್ತಿರ ಹೃದಯ ತಪಾಸಣೆ ಮಾಡಿಸಿ, ಇದನ್ನು ತಪ್ಪಿಸಬೇಡಿ.

ಇನ್ನು ಕೆಲಸದ ಮಾತು. ಈಜು ಕಲಿಸುವವರ ದುಡಿಮೆ ಋತುಮಾನದ್ದು. ಏಪ್ರಿಲ್, ಮೇ ತಿಂಗಳಲ್ಲಿ ಕೊಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಶಾಲೆ ಶುರುವಾಗಿ ಮಳೆ ಹಿಡಿದರೆ ಅರ್ಧ ಖಾಲಿ. ಆದರೆ ನಿಮ್ಮಂಥವರಿಗೆ ಬೇಡಿಕೆ ಇದೆ. ನಲವತ್ತು ದಾಟಿದ ಹೆಂಗಸರು ಕಲಿಸಲು ಹೆಂಗಸರೇ ಬೇಕು ಅನ್ನುತ್ತಾರೆ. ನೀರಿನ ಭಯ ಏನು ಅಂತ ನಿಮಗೆ ಗೊತ್ತು, ಅಲ್ವಾ? ಬಾಲ್ಯದಿಂದ ಈಜಿದವರಿಗೆ ಅದು ಅಷ್ಟು ಬೇಗ ಅರ್ಥವಾಗುವುದಿಲ್ಲ.

ಹಾಗಾಗಿ ಕೆಲಸದಲ್ಲಿದ್ದುಕೊಂಡೇ ಬೆಳಗಿನ ಒಂದು ಬ್ಯಾಚ್‌ಗೆ ಸಹಾಯಕರಾಗಿ ನಿಲ್ಲಿ. ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ, ಉಸಿರು ಕೊಡುವ ತುರ್ತು ಚಿಕಿತ್ಸೆ) ಮತ್ತು ಜೀವರಕ್ಷಣೆ ತರಬೇತಿ ಪಡೆಯಿರಿ, ಅದಿಲ್ಲದೆ ಬೇರೆಯವರನ್ನು ನೀರಿಗಿಳಿಸಬಾರದು. ಪಟಿಯಾಲದ ಎನ್‌ಐಎಸ್‌ನ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಆರು ವಾರಗಳ ಸರ್ಟಿಫಿಕೇಟ್ ಕೋರ್ಸ್ ಬಗ್ಗೆ ವಿಚಾರಿಸಿ. ಒಂದು ಬೇಸಿಗೆ, ಒಂದು ಮಳೆಗಾಲ ಎರಡನ್ನೂ ನೋಡಿ. ಮಳೆಗಾಲದ ಆದಾಯದಲ್ಲಿ ಮನೆ ನಡೆಯುತ್ತದೆ ಅನ್ನಿಸಿದರೆ ಆಗ ರಾಜೀನಾಮೆ ಬರೆಯಿರಿ. ಬೇಸಿಗೆಯ ದುಡ್ಡು ನೋಡಿ ಮಾತ್ರ ಬರೆಯಬೇಡಿ.