ಹಸಿರು ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಇರುವ ಕಾರಿಗೆ ಕೆಂಪು ಕೂಲಂಟ್ ಸೇರಿಸಬಹುದೇ? ಹಿಮ ಬೀಳದ ಕಡೆ ಬರೀ ನೀರು ಸಾಲದೇ? ಹೀಗೆ ಕೇಳಿದ್ದೀರಿ, ತಿಂಗಳಿಗೊಮ್ಮೆ ಕೂಲಂಟಿನ ಮಟ್ಟ ಇಳಿಯುತ್ತದೆ ಎಂದೂ ಬರೆದಿದ್ದೀರಿ.

ಮೊದಲು ನೀರಿನ ವಿಚಾರ. ಹೆಪ್ಪುಗಟ್ಟದಂತೆ ತಡೆಯುವುದು ಕೂಲಂಟಿನ ಒಂದು ಕೆಲಸ ಅಷ್ಟೇ. ಶಾಖ ಹೊತ್ತೊಯ್ಯುವುದರಲ್ಲಿ ನೀರೇ ಮೇಲು, ಒಪ್ಪುತ್ತೇನೆ. ಆದರೆ ಅಲ್ಯೂಮಿನಿಯಂ, ಕಬ್ಬಿಣ ಎರಡೂ ಇರುವ ಎಂಜಿನ್ನಿಗೆ ಬರೀ ನೀರು ಹಾಕಿದರೆ ಒಳಗೆಲ್ಲ ತುಕ್ಕು ಹಿಡಿಯುತ್ತದೆ. ಗಡಸು ನೀರಾದರೆ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವಂಥ ಬಿಳಿ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಕುದಿಯುವ ಪ್ರಶ್ನೆಯೂ ಇದೆ: ಗ್ಲೈಕಾಲ್ (ಕೂಲಂಟಿನ ಮೂಲ ದ್ರವ) ಮತ್ತು ನೀರು ಅರ್ಧರ್ಧ ಇದ್ದರೆ ಮಿಶ್ರಣ ಕುದಿಯುವುದು ಸುಮಾರು 107 ಡಿಗ್ರಿ ಸೆಲ್ಸಿಯಸ್‌ನಲ್ಲಿ, ರೇಡಿಯೇಟರಿನ ಮುಚ್ಚಳ ಹಿಡಿದಿಡುವ ಒಂದು ಬಾರ್‌ನಷ್ಟು (ಸುಮಾರು ವಾತಾವರಣದ ಒತ್ತಡದಷ್ಟೇ) ಹೆಚ್ಚುವರಿ ಒತ್ತಡವೂ ಸೇರಿದರೆ 125 ದಾಟುತ್ತದೆ.

ಹಾಗೆಂದು ಗ್ಲೈಕಾಲನ್ನು ಧಾರಾಳವಾಗಿ ಸುರಿಯಬೇಡಿ. ಅರ್ಧರ್ಧ ಮಿಶ್ರಣ ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ, ಶುದ್ಧ ಎಥಿಲೀನ್ ಗ್ಲೈಕಾಲ್ ಮಾತ್ರ ಮೈನಸ್ 13ರ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ! ಶಾಖವನ್ನೂ ಅದು ಕಡಿಮೆ ಒಯ್ಯುತ್ತದೆ.

ಇನ್ನು ಬಣ್ಣ. ಅದು ಕಂಪನಿಯವರು ಬೆರೆಸಿದ ಬಣ್ಣ, ಅದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಹಸಿರಿಗೆ ಹಸಿರು ಸೇರಿಸಿದರೂ ಒಳಗಿನ ತುಕ್ಕುನಿರೋಧಕಗಳು ಬೇರೆ ಬೇರೆ ಇರಬಹುದು: ಒಂದರಲ್ಲಿ ಸಿಲಿಕೇಟ್, ಇನ್ನೊಂದರಲ್ಲಿ ಫಾಸ್ಫೇಟ್, ಮತ್ತೊಂದರಲ್ಲಿ ಸಾವಯವ ಆಮ್ಲ. ಹೊಂದದವು ಬೆರೆತರೆ ನಿರೋಧಕಗಳ ಆಯಸ್ಸು ಕುಗ್ಗುತ್ತದೆ, ಕೆಲವೊಮ್ಮೆ ಲೋಳೆಯಂತೆ ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಕಾರಿನ ಕೈಪಿಡಿಯಲ್ಲಿ ಕೂಲಂಟಿನ ಮಾನದಂಡದ ಸಂಖ್ಯೆ ಇರುತ್ತದೆ. ಡಬ್ಬಿಯ ಮೇಲೂ ಅದೇ ಇದ್ದರೆ ಕೊಳ್ಳಿ, ಬಣ್ಣ ಯಾವುದಾದರೂ ಇರಲಿ. ಬದಲಿಸುವ ಅವಧಿಯೂ ಅಲ್ಲೇ ಇರುತ್ತದೆ.

ಈಗ ಒಳಗಿರುವುದು ಯಾವುದೆಂದು ಗೊತ್ತಿಲ್ಲದಿದ್ದರೆ ಪೂರ್ತಿ ಇಳಿಸಿ, ಡಿಸ್ಟಿಲ್ಡ್ ನೀರಿನಿಂದ ತೊಳೆದು ಹೊಸದು ತುಂಬಿಸುವುದು ವಾಸಿ. ಇಲ್ಲೊಂದು ಸೂಕ್ಷ್ಮವಿದೆ, ಇದನ್ನು ಬಹಳ ಜನ ಮರೆಯುತ್ತಾರೆ. ತೊಳೆದ ನೀರೆಲ್ಲ ಹೊರಬರುವುದಿಲ್ಲ, ಎಂಜಿನ್ ಬ್ಲಾಕಿನೊಳಗೆ ಸಾಕಷ್ಟು ಉಳಿಯುತ್ತದೆ. ಅದರ ಮೇಲೆ ನೀರು ಬೆರೆಸಿಯೇ ಬರುವ ಸಿದ್ಧ ಕೂಲಂಟ್ ಹಾಕಿದರೆ ಮಿಶ್ರಣ ತೆಳುವಾಗುತ್ತದೆ. ಆದ್ದರಿಂದ ನೀರು ಬೆರೆಸದ ಸಾಂದ್ರ ಕೂಲಂಟ್ ತನ್ನಿ. ಒಟ್ಟು ಆರು ಲೀಟರ್ ಹಿಡಿಯುವ ವ್ಯವಸ್ಥೆಗೆ ಮೊದಲು ಮೂರು ಲೀಟರ್ ಸಾಂದ್ರ ಹಾಕಿ, ಉಳಿದ ಜಾಗವನ್ನು ಡಿಸ್ಟಿಲ್ಡ್ ನೀರಿನಿಂದ ತುಂಬಿಸಿ. ಗಾಳಿ ಹೊರಹಾಕುವ ಕ್ರಮ ಒಂದೊಂದು ಕಾರಿಗೆ ಒಂದೊಂದು, ಕೈಪಿಡಿ ನೋಡಿ.

ಆದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಚಿಂತೆ ತಂದದ್ದು ಬಣ್ಣವಲ್ಲ, 'ತಿಂಗಳಿಗೊಮ್ಮೆ ಮಟ್ಟ ಇಳಿಯುತ್ತದೆ, ತುಂಬಿಸುತ್ತಿರುತ್ತೇನೆ' ಎಂದು ಹಗುರವಾಗಿ ಬರೆದ ಸಾಲು. ಇದು ಮುಚ್ಚಿದ ವ್ಯವಸ್ಥೆ, ತಿಂಗಳು ತಿಂಗಳು ಕಡಿಮೆಯಾಗಬಾರದು. ವಾಟರ್ ಪಂಪ್, ಹೋಸ್‌ಗಳ ಕ್ಲಿಪ್, ರೇಡಿಯೇಟರಿನ ಅಂಚು, ಮುಚ್ಚಳದ ರಬ್ಬರ್ ಇವುಗಳ ಬಳಿ ಒಣಗಿದ ಕಲೆ ಹುಡುಕಿ. ಕಾರಿನೊಳಗೆ ಸಿಹಿ ವಾಸನೆ ಬಂದು ಗಾಜು ಮಂಜಾಗುತ್ತಿದ್ದರೆ ಹೀಟರ್ ಸೋರುತ್ತಿರಬಹುದು. ಹೊರಗೆಲ್ಲೂ ತೇವವಿಲ್ಲದೆ, ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್) ಮೇಲೆ ಅನುಮಾನ ಪಡಬೇಕು. ಏನೇ ಇರಲಿ, ಎಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ಬಿಚ್ಚಬೇಡಿ. ಕೆಳಗೆ ಚೆಲ್ಲಿದ್ದನ್ನು ಕೂಡಲೇ ಒರೆಸಿ ತೊಳೆಯಿರಿ. ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ, ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ.

ಹೊಸ ಡಬ್ಬಿ ಕೊಳ್ಳುವ ಮುಂಚೆ ಗ್ಯಾರೇಜಿನಲ್ಲಿ ಸೋರಿಕೆ ಹುಡುಕುವ ಒತ್ತಡದ ಪರೀಕ್ಷೆ ಮಾಡಿಸಿ.